ಮಾತಾಡಿದವರ ಹೆಸರು

ಏಳನೇ ಕ್ಲಾಸಿನ ಕರಿಹಲಗೆಯ ಎಡಮೂಲೆ ಪಾಠಕ್ಕೆ ಸೇರಿದ್ದಲ್ಲ; ಅದು ಕ್ಲಾಸ್ ಲೀಡರನ ಸ್ವಂತ ಆಸ್ತಿ. ಮಿಸ್ ಬರುವುದು ಐದು ನಿಮಿಷ ತಡವಾದರೆ ಸಾಕು, ಅಲ್ಲಿ ‘ಮಾತಾಡಿದವರ ಹೆಸರು’ ಎಂಬ ತಲೆಬರಹ ಬೀಳುತ್ತದೆ. ಅದರ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ, ಗೆರೆಯ ಕೆಳಗೆ ಅಪರಾಧಿಗಳು. ಒಂದು ಸಲ ಮಾತಾಡಿದವನಿಗೆ ಬರೀ ಹೆಸರು. ಎರಡನೇ ಸಲಕ್ಕೆ ಹೆಸರಿನ ಮುಂದೆ ‘×2’, ಮೂರನೇ ಸಲಕ್ಕೆ ‘×3’. ‘×10’ ದಾಟಿದವನನ್ನು ಆರನೇ ಕ್ಲಾಸಿನ ಹುಡುಗರು ಕಿಟಕಿಯಲ್ಲಿ ಇಣುಕಿ ನೋಡಿಕೊಂಡು ಹೋಗುತ್ತಾರೆ.

ಈ ಪಟ್ಟಿಗೆ ಒಂದು ಮಾರುಕಟ್ಟೆಯೂ ಇದೆ. ಒಂದು ಬೆಟ್ಟದ ನೆಲ್ಲಿಕಾಯಿಗೆ ಒಂದು ಗುಣಾಕಾರ ಇಳಿಯುತ್ತದೆ. ಹುಣಸೆಹಣ್ಣಿಗೆ ಉಪ್ಪು, ಖಾರದಪುಡಿ ಹಾಕಿ ಕುಟ್ಟಿ, ಕಡ್ಡಿಗೆ ಸಿಕ್ಕಿಸಿದ ಉಂಡೆ ಕೊಟ್ಟರೆ ಹೆಸರೇ ಮಾಯ. ಎಲ್ಲರನ್ನೂ ಸುಮ್ಮನಿರಿಸಲೆಂದು ಎಲ್ಲರಿಗಿಂತ ಜೋರಾಗಿ ಕೂಗುವ ಲೀಡರನ ಹೆಸರಂತೂ ಅಲ್ಲಿ ಬಂದದ್ದೇ ಇಲ್ಲ. ಮಿಸ್‌ಗೆ ಇದೆಲ್ಲ ಗೊತ್ತು. ಗೊತ್ತಿದ್ದೇ ಒಮ್ಮೆ ಸುಧಾರಣೆಗೆ ಕೈಹಾಕಿ, ತರಗತಿಯ ಅತಿದೊಡ್ಡ ಮಾತುಗಾರನನ್ನೇ ಲೀಡರ್ ಮಾಡಿದರು. ಜವಾಬ್ದಾರಿ ಕೊಟ್ಟರೆ ನಾಲಿಗೆ ತಾನಾಗಿ ಹಿಡಿತಕ್ಕೆ ಬರುತ್ತದೆ ಎಂದು ಬಿ.ಎಡ್.ನಲ್ಲಿ ಎಲ್ಲೋ ಓದಿದ್ದರು. ಮರುದಿನ ಬಂದು ನೋಡಿದರೆ ಹಲಗೆಯ ಮೇಲೆ ಇಡೀ ತರಗತಿಯ ಹೆಸರಿತ್ತು. ಅಂದು ಶಾಲೆಗೇ ಬಾರದ ಇಬ್ಬರದ್ದೂ ಸೇರಿ.

“ಇವರಿಬ್ಬರೂ ಬಂದೇ ಇಲ್ವಲ್ಲೋ?”

“ಬಂದಿದ್ರೆ ಮಾತಾಡ್ತಿದ್ರು ಮಿಸ್.”

ಈ ಮಿಸ್‌ಗೊಂದು ಹೆಸರಿದೆ. ಅದು ಸಂಬಳದ ಬಿಲ್ಲಿನಲ್ಲಿದೆ, ಚುನಾವಣೆ ಡ್ಯೂಟಿಯ ಆದೇಶದಲ್ಲಿದೆ, ಮಕ್ಕಳ ಬಾಯಲ್ಲಿಲ್ಲ. ತಿಪಟೂರಿನ ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳು, ಎಂಟನೇ ತರಗತಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತಾರೆ. ಇಲಾಖೆಯ ಲೆಕ್ಕದಲ್ಲಿ ಅವರು ಜಿಪಿಟಿ, ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕಿ. ಇಂಥವರು ರಾಜ್ಯದ ತುಂಬ ಇದ್ದಾರೆ. ಒಂದು ಕಡೆ ಟೀಚರ್ರು, ಧಾರವಾಡದ ಕಡೆ ಅಕ್ಕೋರು, ಹಳೇ ಮೈಸೂರು ಸೀಮೆಯಲ್ಲಿ ಮಿಸ್ಸು. ಇಲ್ಲಿ ಹೇಳುತ್ತಿರುವುದು ಅವರಲ್ಲಿ ಯಾರೊಬ್ಬರ ಕಥೆಯೂ ಅಲ್ಲ, ಎಲ್ಲರದ್ದೂ ಹೌದು.

ಹಿಂದೆ ಬೆಳಗಾವಿ, ಧಾರವಾಡದ ಕಡೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರೇ ಮಾಸ್ತರಾಗುತ್ತಿದ್ದ ಕಾಲವಿತ್ತು. ಈಗ ಅದೇ ಏಳನೇ ತರಗತಿಗೆ ಪಾಠ ಹೇಳಲು ಪದವಿ, ಬಿ.ಎಡ್., ಟಿಇಟಿ, ಆಮೇಲೆ ಸಿಇಟಿ, ಆಮೇಲೆ ಕೌನ್ಸೆಲಿಂಗ್. ಇಷ್ಟೆಲ್ಲ ದಾಟಿ ಬಂದವರು ಕಲಿಸುವುದೂ ಹೆಚ್ಚುಕಡಿಮೆ ಅದೇ ಭಿನ್ನರಾಶಿಯನ್ನೇ. ವ್ಯತ್ಯಾಸವೆಂದರೆ ಆಗಿನವರ ಕೈಯಲ್ಲಿ ಬೆತ್ತವಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಅದನ್ನು ಕಿತ್ತುಕೊಂಡಿತು, ಒಳ್ಳೆಯದೇ ಆಯಿತು. ಈಗ ಉಳಿದಿರುವ ಆಯುಧ ಕಣ್ಣು ಮಾತ್ರ. ಮಿಸ್ ಕಣ್ಣು ಬಿಟ್ಟರೆ ಒಂದನೇ ಕ್ಲಾಸಿನ ಮಗು ಅಳುತ್ತದೆ. ಏಳನೇ ಕ್ಲಾಸಿನವರು ಹೆದರುವುದಿಲ್ಲ. ಹೆದರಿದವರ ಹಾಗೆ ನಟಿಸಿ ಮಿಸ್‌ನ ಮರ್ಯಾದೆ ಉಳಿಸುತ್ತಾರೆ.

ಬೆಳಗ್ಗೆ ಪ್ರಾರ್ಥನೆ. ಸರ್ಕಾರ 2004ರಲ್ಲಿ ನಾಡಗೀತೆಯನ್ನು ಘೋಷಿಸಿತು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು 2022ರಲ್ಲಿ ಆದೇಶವಾಯಿತು. ರಾಷ್ಟ್ರಗೀತೆಗೆ 52 ಸೆಕೆಂಡು. ಸಮಯಪಾಲನೆಗೆ ಅಡ್ಡಿ ಮಾಡುವವರು ಎಂಟನೇ ಕ್ಲಾಸಿನ ಹುಡುಗರು. ಅವರ ಗಂಟಲು ಆಗಷ್ಟೇ ಒಡೆಯುತ್ತಿರುವುದರಿಂದ ಅರ್ಧ ಸಾಲು ಗಂಡಸಿನ ದನಿಯಲ್ಲೂ ಉಳಿದರ್ಧ ಕೋಳಿಮರಿಯ ದನಿಯಲ್ಲೂ ಬಂದು, ಹೆಣ್ಣುಮಕ್ಕಳ ಸಾಲಿನಲ್ಲಿ ನಗು ಹರಡಿ, ಹಾಡು ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಆಮೇಲೆ ಸಂವಿಧಾನದ ಪೀಠಿಕೆ. ಓದಿಸುವ ಹುಡುಗಿ ಸಾರ್ವಭೌಮದಿಂದ ಗಣರಾಜ್ಯದವರೆಗೆ ಒಂದೇ ಉಸಿರಿನಲ್ಲಿ ದಾಟಿ ನ್ಯಾಯದ ಹತ್ತಿರ ನಿಲ್ಲುತ್ತಾಳೆ. ಅದೇ ಬಿಡುವಿನಲ್ಲಿ ಹಿಂದಿನ ಸಾಲಿನಿಂದ ಕೈಯೊಂದು ಏಳುತ್ತದೆ: “ಮಿಸ್, ಇವ್ನು ನನ್ನ ಕಾಲು ತುಳಿದ!”

ಪ್ರಾರ್ಥನೆ ಮುಗಿದರೆ ಹಾಲು. ಅದನ್ನು ಕುಡಿಸುವ ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಆರಂಭವಾದದ್ದು. ಒಬ್ಬೊಬ್ಬರಿಗೆ 150 ಮಿಲಿಲೀಟರ್. 2024ರಲ್ಲಿ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರತೊಡಗಿತು. ಇನ್ನು ಮಧ್ಯಾಹ್ನದ ಊಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನ ಇದು ಸಿಗುವಂತಾಯಿತು. ಒಂದು ಮೊಟ್ಟೆಗೆ ನಿಗದಿಯಾದದ್ದು 6 ರೂಪಾಯಿ. ಅದರಲ್ಲಿ ಕೊಳ್ಳಲು 5 ರೂಪಾಯಿ 20 ಪೈಸೆ, ಬೇಯಿಸಲು 50 ಪೈಸೆ, ಸಿಪ್ಪೆ ಸುಲಿಯಲು 30 ಪೈಸೆ. ಅಂಗಡಿಯಲ್ಲಿ ಮೊಟ್ಟೆಯ ರೇಟು ಈ ಆದೇಶವನ್ನು ಓದದೆ ಮೇಲೇರಿದ ದಿನ ಹೆಡ್‌ಮಾಸ್ಟ್ರು ಜೇಬು ತಡಕಿಕೊಳ್ಳುತ್ತಾರೆ. ಮೊಟ್ಟೆಗೊಂದು ಪಟ್ಟಿ, ಬಾಳೆಹಣ್ಣಿಗೊಂದು ಪಟ್ಟಿ. ಬಾಳೆಹಣ್ಣಿನ ಪಟ್ಟಿಯಲ್ಲಿರುವ ಒಬ್ಬ ಹುಡುಗ ಮಿಸ್‌ನ ಹತ್ತಿರ ಬಂದು ದನಿ ತಗ್ಗಿಸಿ, “ಇವತ್ತು ಮೊಟ್ಟೆ ತಿಂತೀನಿ ಮಿಸ್, ಮನೇಲಿ ಹೇಳ್ಬೇಡಿ” ಎನ್ನುತ್ತಾನೆ. ಮೊಟ್ಟೆಯ ಪಟ್ಟಿಯಲ್ಲಿರುವವನೊಬ್ಬ ಶ್ರಾವಣ ಬಂದೊಡನೆ ಬಾಳೆಹಣ್ಣಿಗೆ ಪಕ್ಷಾಂತರ ಮಾಡುತ್ತಾನೆ. ಸಂಜೆ ಆನ್‌ಲೈನಿನಲ್ಲಿ ತುಂಬುವ ಲೆಕ್ಕ ಮಾತ್ರ ಸರಿಯಾಗಿಯೇ ಇರಬೇಕು.

ಕಬ್ಬಿಣಾಂಶದ ಮಾತ್ರೆಯ ಕಥೆ ಬೇರೆ. ಐದನೆಯವರೆಗೆ ಗುಲಾಬಿ ಬಣ್ಣದ್ದು, ಆರರಿಂದ ನೀಲಿ. ಆರನೇ ಕ್ಲಾಸಿಗೆ ಹೊಸದಾಗಿ ಬಂದವರು ಬಡ್ತಿ ಸಿಕ್ಕ ಖುಷಿಯಲ್ಲಿ ನೀಲಿ ಮಾತ್ರೆ ನುಂಗುತ್ತಾರೆ. ಏಳನೆಯವರಲ್ಲಿ ಅದು ನಾಲಿಗೆಯ ಅಡಿಯಲ್ಲಿ ತಂಗಿ, ಮಿಸ್ ಬೆನ್ನು ತಿರುಗಿಸಿದೊಡನೆ ಕಿಟಕಿಯಾಚೆಗೆ ಹೋಗುತ್ತದೆ. ಹಾಗಾಗಿ ಮಾತ್ರೆ ಕೊಟ್ಟ ಮೇಲೆ ಮಿಸ್ ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಅವರ ಹೆಸರು, ಶಾಲೆಯ ಹೆಸರು, ಊರಿನ ಹೆಸರು ಹೇಳಿಸುತ್ತಾರೆ. ಮಾತ್ರೆ ಬಾಯಲ್ಲಿಟ್ಟುಕೊಂಡು ಮೂರನ್ನೂ ಹೇಳಿದವರು ಇನ್ನೂ ಹುಟ್ಟಿಲ್ಲ.

ಇಷ್ಟಾದ ಮೇಲೆ ಪಾಠ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಬೋಧನೆ ನಡೆಯಬೇಕು. ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡಿಗೆ 40 ನಿಮಿಷ. ಹಾಜರಿಗೆ ಐದು ನಿಮಿಷ ಹೋಗುತ್ತದೆ. “ಎಸ್ ಮಿಸ್” ಎನ್ನುವುದರಲ್ಲಿ ಇರುವಷ್ಟು ಬಗೆ ಕರ್ನಾಟಕ ಸಂಗೀತದಲ್ಲೂ ಇಲ್ಲ. ಹೋಂವರ್ಕ್ ತನಿಖೆಗೆ ಹತ್ತು ನಿಮಿಷ. ಆಮೇಲೆ ಒಬ್ಬ ಕಿರುಬೆರಳೆತ್ತಿ “ಮಿಸ್, ಒಂದಕ್ಕೆ” ಎನ್ನುತ್ತಾನೆ. ಬೇಡ ಎನ್ನುವಂತಿಲ್ಲ. ಅವನ ಹಿಂದೆಯೇ ಇನ್ನೂ ನಾಲ್ವರಿಗೆ ಪ್ರಕೃತಿಯ ಕರೆ ಬರುತ್ತದೆ. ಅಷ್ಟರಲ್ಲಿ ಆಫೀಸಿನಿಂದ ಆಳು ಬಂದು, ಯಾವುದೋ ವಾಟ್ಸಾಪ್ ಗ್ರೂಪಿಗೆ ಶೌಚಾಲಯದ ಫೋಟೊ ‘ಅರ್ಜೆಂಟಾಗಿ’ ಹಾಕಬೇಕಂತೆ ಎನ್ನುತ್ತಾನೆ. ಉಳಿದ ಸಮಯದಲ್ಲಿ ಪಾಠ. ಮಿಸ್‌ನ ಪಾಠ ಟಿಪ್ಪಣಿಯಲ್ಲಿ ಇದೇ ಪೀರಿಯಡ್ಡಿಗೆ ಪೀಠಿಕೆ, ವಿಷಯ ನಿರೂಪಣೆ, ಗುಂಪು ಚಟುವಟಿಕೆ, ಪುನರಾವರ್ತನೆ, ಮೌಲ್ಯಮಾಪನ ಎಲ್ಲವೂ ಇರುತ್ತವೆ.

ಆದರೂ ಕೆಲವು ದಿನ ಪಾಠ ಹತ್ತುತ್ತದೆ. ಯಾವಾಗ, ಯಾಕೆ ಎಂದು ಮೊದಲೇ ಹೇಳಲಾಗದು.

ಋಣ ಸಂಖ್ಯೆಗಳ ಪಾಠವನ್ನೇ ನೋಡಿ. ಐದರಿಂದ ಮೈನಸ್ ಮೂರನ್ನು ಕಳೆದರೆ ಎಂಟು ಹೇಗೆ ಬಂತು ಎನ್ನುವುದು ಪ್ರಶ್ನೆ. ಕಳೆದರೆ ಕಡಿಮೆಯಾಗಬೇಕು, ಹೆಚ್ಚಾಗುವುದು ಯಾವ ಊರಿನ ನ್ಯಾಯ? ಮಿಸ್ ಮೊದಲು ಕಾಶ್ಮೀರದ ಮೈನಸ್ ನಾಲ್ಕು ಡಿಗ್ರಿ ಹೇಳಿದರು. ತೆಂಗಿನ ಸೀಮೆಯ ಮಕ್ಕಳಿಗೆ ಅಷ್ಟು ಚಳಿ ನಂಬಲು ಆಗಲಿಲ್ಲ. ಸಮುದ್ರಮಟ್ಟದಿಂದ ಕೆಳಗೆ ಎಂದರು. ತರಗತಿಯಲ್ಲಿ ಸಮುದ್ರವನ್ನು ನೋಡಿದ್ದವರು ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿನವರೆಗೂ ಹೋಗಿ ಬಂದಿದ್ದ ಇಬ್ಬರು ಮಾತ್ರ. ಅವರೂ ಅದರ ಕೆಳಗೆ ಇಳಿದಿರಲಿಲ್ಲ. ನೆಲಮಾಳಿಗೆಗೆ ಇಳಿಯುವ ಲಿಫ್ಟ್ ಎಂದರು. ಊರಿನಲ್ಲಿ ತೆಂಗಿನಮರ ಬಿಟ್ಟರೆ ಎತ್ತರದ್ದು ಓವರ್‌ಹೆಡ್ ಟ್ಯಾಂಕು, ಅದಕ್ಕಿರುವುದು ಕಬ್ಬಿಣದ ಏಣಿ. ನೆಲದ ಮೇಲೆ ಸಂಖ್ಯಾರೇಖೆ ಬರೆದು ಒಬ್ಬನನ್ನು ಹಿಂದಕ್ಕೂ ಮುಂದಕ್ಕೂ ನಡೆಸಿದರು. ಅವನು ಗೋಡೆಗೆ ಬಡಿದುಕೊಂಡ. ಕೊನೆಗೆ, ಅಂಗಡಿಯಲ್ಲಿ ಬಾಕಿ ಇದ್ದರೆ ಅದು ಮೈನಸ್, ಕೈಯಲ್ಲಿ ಕಾಸಿದ್ದರೆ ಪ್ಲಸ್ ಎಂದು ಬರೆದರು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಮಿಸ್, ಅಂಗ್ಡಿ ಅಣ್ಣ ಲೆಕ್ಕದ ಪುಸ್ತಕ ಕಳ್ಕೊಂಡ್ರೆ?”

“ಕಳ್ಕೊಂಡ್ರೆ ಏನಾಗುತ್ತೋ?”

“ನಮ್ಮ ಮುನ್ನೂರು ರೂಪಾಯಿ ಬಾಕಿ ಹೋಯ್ತಲ್ಲ. ಕಳ್ದೋಗಿದ್ದು ಮೈನಸ್ಸು. ನಮಗೆ ಮುನ್ನೂರು ಪ್ಲಸ್ಸು.”

ಇಡೀ ತರಗತಿಗೆ ಒಂದೇ ಏಟಿಗೆ ಅರ್ಥವಾಯಿತು. 628ರಲ್ಲಿ ಬ್ರಹ್ಮಗುಪ್ತ ತನ್ನ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಧನ, ಋಣ ಎಂದು ಎರಡು ಬಗೆ ಮಾಡಿ, ಸೊನ್ನೆಯಿಂದ ಋಣವನ್ನು ಕಳೆದರೆ ಧನವಾಗುತ್ತದೆ ಎಂದು ನಿಯಮ ಹಾಕಿಕೊಟ್ಟದ್ದೂ ಇದನ್ನೇ. ಹುಡುಗನಿಗೆ ಬ್ರಹ್ಮಗುಪ್ತ ಗೊತ್ತಿರಲಿಲ್ಲ, ಅಂಗಡಿ ಗೊತ್ತಿತ್ತು. ಮಿಸ್ ಸಂತೋಷದಿಂದ ಮನೆಗೆ ಹೋದರು. ಮರುದಿನ ಬೆಳಗ್ಗೆ ಅಂಗಡಿಯವರೇ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. “ಮೇಡಮ್ಮೋರೆ, ನಿನ್ನೆ ಸಂಜೆಯಿಂದ ನಿಮ್ಮ ಹುಡುಗ್ರು ಒಬ್ರಾದ್ಮೇಲೆ ಒಬ್ರು ಬಂದು ಲೆಕ್ಕದ ಪುಸ್ತಕ ಎಲ್ಲಿಡ್ತೀರ ಅಂತ ಕೇಳ್ತಾವ್ರೆ. ಏನ್ ಪಾಠ ಮಾಡಿದ್ರಿ?”

ಆಮ್ಲ, ಪ್ರತ್ಯಾಮ್ಲದ ಪಾಠ ಇದಕ್ಕಿಂತ ಸುಲಭ, ಯಾಕೆಂದರೆ ಅದರಲ್ಲಿ ಬಣ್ಣ ಬದಲಾಗುತ್ತದೆ. ಬಣ್ಣ ಬದಲಾಗುವ ಯಾವುದಕ್ಕೂ ಏಳನೇ ಕ್ಲಾಸಿನವರು ಕಿರುಬೆರಳೆತ್ತುವುದಿಲ್ಲ. ಲಿಟ್ಮಸ್ ಕಾಗದ ಪ್ರಯೋಗಾಲಯದ ಬೀರುವಿನಲ್ಲಿದೆ. ಬೀರುವಿನ ಕೀ ಹಿಂದಿನ ಸಲ ವರ್ಗವಾಗಿ ಹೋದವರ ಜೊತೆ ಹೋಗಿದೆ. ಆದ್ದರಿಂದ ಕೆಂಪು ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಬಣ್ಣ ಇಳಿಸಿಕೊಂಡರು. ನಿಂಬೆರಸ ಬಿದ್ದರೆ ಅದು ಗಾಢ ಗುಲಾಬಿ, ಅಡುಗೆ ಸೋಡ ಬಿದ್ದರೆ ಹಸಿರು. ಅರಿಶಿನ ಸವರಿದ ಕಾಗದಕ್ಕೆ ಸೋಪಿನ ನೀರು ತಾಗಿದರೆ ಕೆಂಪು. ಇಲ್ಲಿಗೆ ಪಠ್ಯಪುಸ್ತಕ ಮುಗಿಯುತ್ತದೆ, ಮಕ್ಕಳು ಶುರುವಾಗುತ್ತಾರೆ. ಹುಣಸೆಹುಳಿ, ಸುಣ್ಣದ ತಿಳಿ, ಮಜ್ಜಿಗೆ, ಬಿಸಿಯೂಟದ ಸಾಂಬಾರು, ಬೋರ್‌ವೆಲ್ ನೀರು, ಹೆಡ್‌ಮಾಸ್ಟ್ರು ಹೊಟ್ಟೆಯುರಿಗೆಂದು ಡ್ರಾಯರಿನಲ್ಲಿಟ್ಟುಕೊಂಡು ಚೀಪುವ ಮಾತ್ರೆ, ಎಲ್ಲವನ್ನೂ ಪರೀಕ್ಷಿಸಿದರು. ಮಾತ್ರೆಯ ಪುಡಿ ಹಾಕಿದ ನೀರು ಹಸಿರಿಗೆ ತಿರುಗಿದಾಗ ಆದ ಸಂತೋಷ ಹೇಳತೀರದು. ಹೆಡ್‌ಮಾಸ್ಟ್ರ ಹೊಟ್ಟೆಯಲ್ಲಿರುವುದು ಆಮ್ಲ ಎನ್ನುವುದು ಅಂದು ಸಾಬೀತಾಯಿತು.

ಒಬ್ಬಳು, ಅಜ್ಜಿ ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದರು ಎಂದಳು. ಇರುವೆ ಕಚ್ಚಿದಾಗ ಸುಣ್ಣ ಹಚ್ಚುವುದು ಇದಕ್ಕೇನಾ ಎಂದು ಇನ್ನೊಬ್ಬ ಕೇಳಿದ. ಹೌದು, ಇರುವೆ ಚುಚ್ಚುವುದು ಫಾರ್ಮಿಕ್ ಆಮ್ಲವನ್ನು. ಆದರೆ ಸುಣ್ಣ ಚರ್ಮ ಸುಡುತ್ತದೆ, ಅಡುಗೆ ಸೋಡವೇ ವಾಸಿ ಎಂದು ಮಿಸ್ ಹೇಳಿದರು. ಮೂರನೆಯವನಿಗೆ ಒಂದು ಹಳೆಯ ಅನ್ಯಾಯ ನೆನಪಾಯಿತು. ಅವನ ಅಂಗಿಯ ಮೇಲಿನ ಸಾಂಬಾರಿನ ಕಲೆಗೆ ಅಮ್ಮ ಸೋಪು ಹಚ್ಚಿದಾಗ ಅದು ಕೆಂಪಾಯಿತಂತೆ. ಯಾರ ಜೊತೆ ಹೊಡೆದಾಡಿ ರಕ್ತ ಮಾಡಿಕೊಂಡು ಬಂದೆ ಎಂದು ಅಮ್ಮ ಬೆನ್ನಿಗೆ ಎರಡು ಬಿಟ್ಟರಂತೆ. “ಮಿಸ್, ನಮ್ಮಮ್ಮಂಗೆ ನೀವೇ ಒಂದು ಚೀಟಿ ಬರ್ಕೊಡಿ, ಅದು ಅರಿಶಿನ ಅಂತ.” ಮಿಸ್ ಬರೆದುಕೊಟ್ಟರು. ಆ ವಾರದ ಕೊನೆಗೆ ಗೇಟಿನ ಹತ್ತಿರ ನಿಂತವರು ದೇವಸ್ಥಾನದ ಪೂಜಾರಿಗಳು. ಗುಡಿಯ ಸುತ್ತಲಿನ ಗಿಡಗಳಲ್ಲಿ ದಾಸವಾಳ ಒಂದೂ ಉಳಿದಿರಲಿಲ್ಲ.

ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವಿದೆ. ಪಠ್ಯಪುಸ್ತಕ ಕೈಗೆ ಬಂದ ದಿನವೇ ಮಕ್ಕಳು ಸ್ವಯಂ ಪ್ರೇರಣೆಯಿಂದ ಓದಿ ಮುಗಿಸುವ ಏಕೈಕ ಪಾಠ ಅದು. ಪುಸ್ತಕ ಕೆಳಗಿಟ್ಟರೆ ತಾನಾಗಿ ಆ ಪುಟಕ್ಕೇ ತೆರೆದುಕೊಳ್ಳುತ್ತದೆ. ಅದನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸಿಬಿಡುವವರು ಉಂಟು. ಈ ಮಿಸ್ ಹಾಗೆ ಮಾಡುವುದಿಲ್ಲ. ಒಂದು ಬಿಸ್ಕತ್ತಿನ ಡಬ್ಬಿ ಇಟ್ಟು, ಹೆಸರು ಹಾಕದೆ ಪ್ರಶ್ನೆ ಬರೆದು ಹಾಕಿ ಎನ್ನುತ್ತಾರೆ. ಹೆಸರು ಯಾಕೆ ಬೇಕು, ಎಲ್ಲರ ಕೈಬರಹ ಅವರಿಗೆ ಗೊತ್ತಿದೆ. ‘ಅಣ್ಣನಿಗೆ ಎಂಟರಲ್ಲೇ ಮೀಸೆ ಬಂತು, ನನಗೆ ಯಾವಾಗ?’ ಎಂದು ಒಂದು ಚೀಟಿ. ‘ಮೊಡವೆಗೆ ಯಾವ ಕ್ರೀಮು?’ ಎಂದು ಆರೇಳು. ‘ಎತ್ತರ ಆಗಲು ತೆಂಗಿನಮರಕ್ಕೆ ಜೋತುಬಿದ್ದರೆ ಸಾಕಾ?’ ಎಂದು ಮತ್ತೊಂದು. ನಡುವೆ ಒಂದು ಸಣ್ಣ ಅಕ್ಷರದ ಚೀಟಿ: ಮುಟ್ಟಾದಾಗ ನಮ್ಮನ್ನು ಹೊರಗೆ ಕೂರಿಸುತ್ತಾರೆ, ಪರೀಕ್ಷೆ ದಿನ ಬಂದರೆ ಏನು ಮಾಡುವುದು? ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಹಟ್ಟಿಗಳಲ್ಲಿ ಈ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಉಳಿದ ಚೀಟಿಗಳಿಗೆ ಮಿಸ್ ತರಗತಿಯಲ್ಲೇ ಉತ್ತರ ಕೊಟ್ಟರು. ಇದಕ್ಕೆ ಸಂಜೆ ಸ್ಕೂಟರ್ ತೆಗೆದುಕೊಂಡು ಹೋಗಿ, ಒಂದು ಮನೆಯ ಜಗಲಿಯ ಮೇಲೆ ಎರಡು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೂತು ಬಂದರು. ಪರೀಕ್ಷೆಗೆ ಆ ಹುಡುಗಿ ಬಂದಳು. ಮೊಟ್ಟೆಗೆ, ಹಾಲಿಗೆ, ಮಾತ್ರೆಗೆ ಇರುವ ರಿಜಿಸ್ಟರು ಇಂಥದ್ದಕ್ಕೆ ಇಲ್ಲ.

ನ್ಯಾಯಾಲಯದ ಕೆಲಸವೂ ಮಿಸ್‌ದೇ. ಪೆನ್ನಿನ ಮುಚ್ಚಳ ಕಚ್ಚಿದ ಪ್ರಕರಣ, ಬೆಂಚಿನ ಮೇಲೆ ಗಡಿರೇಖೆ ದಾಟಿದ ಪ್ರಕರಣ, ಅಪ್ಪನ ಹೆಸರು ಹಿಡಿದು ಕರೆದ ಪ್ರಕರಣ. ಕೊನೆಯದು ಗಂಭೀರವಾದದ್ದು. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಯಾರ ಅಪ್ಪನ ಹೆಸರು ಏನು ಎಂಬುದು ರಾಷ್ಟ್ರೀಯ ರಹಸ್ಯ, ಅದು ಬಯಲಾದರೆ ಅವನನ್ನು ಆ ಹೆಸರಿನಿಂದಲೇ ಎಲ್ಲರೂ ಕರೆಯುತ್ತಾರೆ. ಸಾಕ್ಷಿಗಳು ಎರಡೂ ಕಡೆಗೆ ಹೇಳುತ್ತಾರೆ. ಮಿಸ್ ಇಬ್ಬರಿಗೂ ಒಂದೇ ಶಿಕ್ಷೆ ಕೊಡುತ್ತಾರೆ: ಒಂದು ವಾರ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ. ವಾರ ಮುಗಿಯುವ ಹೊತ್ತಿಗೆ ಅವರಿಬ್ಬರೂ ಸೇರಿ ಮೂರನೆಯವನ ಅಪ್ಪನ ಹೆಸರು ಪತ್ತೆಮಾಡಿರುತ್ತಾರೆ.

ಶಾಲಾಚೀಲದ ತೂಕದ ಬಗ್ಗೆ 2019ರಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಆರರಿಂದ ಎಂಟನೇ ತರಗತಿಯವರ ಚೀಲ ಮೂರರಿಂದ ನಾಲ್ಕು ಕಿಲೋ ಮೀರಬಾರದು. ಮಿಸ್ ಒಬ್ಬನ ಚೀಲ ಎತ್ತಿ ನೋಡಿದರೆ ಮೀರಿತ್ತು. ಬಿಚ್ಚಿಸಿದರು. ಗೋಲಿ, ಬುಗುರಿ, ಹಗ್ಗ, ಸುಲಿದ ಎಳನೀರಿನ ಚಿಪ್ಪು, ಸೈಕಲ್ ಚೈನಿನ ತುಂಡು, ಒಂದು ರಬ್ಬರ್ ಚೆಂಡು, ಹೋದ ವರ್ಷದ ಚಪಾತಿ ಎನ್ನಬಹುದಾದ ಒಂದು ವಸ್ತು. “ಪುಸ್ತಕ ಎಲ್ಲೋ?” “ಭಾರ ಆಗುತ್ತೆ ಅಂತ ಮನೇಲೇ ಬಿಟ್ಟಿದ್ದೀನಿ ಮಿಸ್.” ಹೋಂವರ್ಕ್ ಮಾಡದ್ದಕ್ಕೆ ಈ ಕಡೆ ಕಾರಣ ಒಂದೇ: ಕಾಯಿ ಸುಲಿಯುವುದಿತ್ತು. ಕೊಬ್ಬರಿಯ ಸೀಮೆಯಲ್ಲಿ ಅದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಗಡಗಡ ಸದ್ದು ಮಾಡತೊಡಗಿದರೆ ಮನೆಯವರೆಲ್ಲ ಕೈಜೋಡಿಸಬೇಕು. ಶೇಕಡಾ ಲೆಕ್ಕ ಬಾರದ ಹುಡುಗನಿಗೆ ಎಪಿಎಂಸಿಯಲ್ಲಿ ಅಂದಿನ ಕ್ವಿಂಟಾಲ್ ರೇಟು, ಹಮಾಲಿ, ಸೂಟು ಎಲ್ಲ ಬಾಯಿಗೆ ಬರುತ್ತದೆ. ಮಿಸ್ ಈಗ ಶೇಕಡಾವನ್ನು ಕೊಬ್ಬರಿಯಲ್ಲೇ ಹೇಳಿಕೊಡುತ್ತಾರೆ. ಉತ್ತರ ತಪ್ಪಾದರೆ ಹುಡುಗರು, ಈ ರೇಟಿಗೆ ನಮ್ಮಪ್ಪ ಕೊಡಲ್ಲ ಮಿಸ್ ಎನ್ನುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ, ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಬೋಧನೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಬಹಳ ಒಳ್ಳೆಯ ಕಲಂ. ಕೂತು ಓದಲು ಮಿಸ್‌ಗೆ ಪುರುಸೊತ್ತು ಸಿಕ್ಕಿಲ್ಲ. ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು ಇರುವ ಮಕ್ಕಳನ್ನು ಒಂದೇ ಮಗುವಾಗಿ ಮಾಡುವುದರಲ್ಲಿ ಸಂಜೆಗಳು ಕಳೆಯುತ್ತವೆ. 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಶಿಕ್ಷಕರೇ ಗಣತಿದಾರರು. ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ರಜೆ ಮಕ್ಕಳಿಗೆ. ಮಿಸ್ ಮಾತ್ರ ವಿದ್ಯುತ್ ಮೀಟರಿನ ನಂಬರ್ ಹಿಡಿದು, ಮೊಬೈಲಿನ ನಕ್ಷೆ ತೋರಿಸಿದತ್ತ ನಡೆದು, ಒಮ್ಮೆ ಒಂದು ಪಂಪ್‌ಸೆಟ್ಟಿನ ಮುಂದೆ ನಿಂತರು. ಮನೆ ಸಿಕ್ಕ ಕಡೆ 60 ಪ್ರಶ್ನೆ, ಒಟಿಪಿ, ಸರ್ವರ್ ಕೈಕೊಟ್ಟರೆ ಮೊದಲಿನಿಂದ. ಅರವತ್ತು ಮುಗಿದ ಮೇಲೆ ಪ್ರತಿ ಮನೆಯವರೂ ಅರವತ್ತೊಂದನೆಯದನ್ನು ತಾವೇ ಕೇಳುತ್ತಿದ್ದರು: “ನಮ್ಮ ಹುಡ್ಗ ಹೆಂಗ್ ಓದ್ತಾನೆ ಮೇಡಮ್ಮೋರೆ?” ಹುಡುಗ ಬಾಗಿಲ ಹಿಂದೆ ನಿಂತು ಕೈಮುಗಿಯುತ್ತಿದ್ದ. ಮಿಸ್ ಅವನತ್ತ ನೋಡಿಕೊಂಡೇ, “ಪರವಾಗಿಲ್ಲ, ಮಾತು ಸ್ವಲ್ಪ ಜಾಸ್ತಿ” ಎನ್ನುತ್ತಿದ್ದರು.

ಎಲ್ಲರಿಗೂ ಒಗ್ಗುವ ಕೆಲಸ ಇದಲ್ಲ. ಆರ್.ಕೆ. ನಾರಾಯಣ್ ಅವರು ಚನ್ನಪಟ್ಟಣದ ಸರ್ಕಾರಿ ಶಾಲೆಗೆ ಮೇಷ್ಟ್ರಾಗಿ ಹೋಗಿ ಕೆಲವೇ ದಿನಗಳಲ್ಲಿ ಬಿಟ್ಟು ಬಂದರು. ಅದರಿಂದ ಸಾಹಿತ್ಯಕ್ಕೆ ಲಾಭವಾಯಿತು, ಶಾಲೆಗೂ ಆಗಿರಬಹುದು. ಒಗ್ಗಿದವರ ಮಾದರಿ ರಾಧಾಕೃಷ್ಣನ್. 1918ರಿಂದ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದ ಅವರು 1921ರಲ್ಲಿ ಕಲ್ಕತ್ತಕ್ಕೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು. ಪ್ರತಿ ಸೆಪ್ಟೆಂಬರ್ 5ರಂದು ಮಿಸ್ ಈ ಪ್ರಸಂಗ ಹೇಳುತ್ತಾರೆ. ಒಂದು ಸಲ ಅದೇ ಸಂಜೆ ಅವರ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಏಳನೇ ಕ್ಲಾಸಿನ ಆರು ಜನ ಮಿಸ್‌ನ್ನು ಅದರ ಮೇಲೆ ಕೂರಿಸಿಯೇ ಊರಬಾಗಿಲಿನವರೆಗೆ ತಳ್ಳಿಕೊಂಡು ಹೋದರು. ಇಳಿಜಾರಿನಲ್ಲಿ ಇಂಜಿನ್ನು ಗುರುಗುಟ್ಟಿದಾಗ ಒಬ್ಬ ಏದುಸಿರು ಬಿಡುತ್ತ ಕೇಳಿದ: “ನಾಳೆ ಟೆಸ್ಟ್ ಇಲ್ಲ ತಾನೆ ಮಿಸ್?”

ಇತ್ತು. ಟೆಸ್ಟುಗಳಿಗೆ ಬರವಿಲ್ಲ: ವರ್ಷಕ್ಕೆ ರೂಪಣಾತ್ಮಕ ನಾಲ್ಕು, ಸಂಕಲನಾತ್ಮಕ ಎರಡು. ನಡುವೆ 2023, 2024ರಲ್ಲಿ ಐದು ಮತ್ತು ಎಂಟನೇ ತರಗತಿಗೆ ಬೋರ್ಡ್ ಪರೀಕ್ಷೆ ಇದೆ, ಇಲ್ಲ, ಇದೆ ಎಂದು ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಗಿಬಂತು. ಮಕ್ಕಳು ಅದನ್ನು ಕ್ರಿಕೆಟ್ ಸ್ಕೋರಿಗಿಂತ ಆಸಕ್ತಿಯಿಂದ ಕೇಳಿದರು. ರಾತ್ರಿ ಊಟವಾದ ಮೇಲೆ ಮಿಸ್ ಉತ್ತರಪತ್ರಿಕೆ ತಿದ್ದುತ್ತಾರೆ. ‘ಬಾಷ್ಪೀಕರಣಕ್ಕೆ ಒಂದು ಉದಾಹರಣೆ ಕೊಡಿ’ ಎಂಬುದಕ್ಕೆ ಒಬ್ಬ ಬರೆದಿದ್ದ: ‘ಅಮ್ಮ ರಾತ್ರಿ ಒಗೆದು ಹಾಕಿದ ನನ್ನ ಯೂನಿಫಾರ್ಮ್. ಒಂದೇ ಜೊತೆ ಇರುವುದರಿಂದ ಬೆಳಗ್ಗೆಯೊಳಗೆ ಬಾಷ್ಪೀಕರಣ ಆಗಲೇಬೇಕು.’ ಮಾದರಿ ಉತ್ತರದಲ್ಲಿ ಇದು ಇರಲಿಲ್ಲ. ಮಿಸ್ ಪೂರ್ತಿ ಅಂಕ ಕೊಟ್ಟರು, ಮರುದಿನ ಬೀರುವಿನಲ್ಲಿ ಉಳಿದಿದ್ದ ಯೂನಿಫಾರ್ಮ್ ಬಟ್ಟೆಯ ಅಳತೆ ನೋಡಿದರು.

ನಿಮ್ಮ ಮನೆಯಲ್ಲಿ ಆರು, ಏಳು, ಎಂಟರಲ್ಲಿ ಓದುವವರು ಯಾರಾದರೂ ಇದ್ದರೆ ಇವತ್ತು ರಾತ್ರಿ ಅವರ ಚೀಲದ ತಳ ಒಮ್ಮೆ ತಡಕಿ ನೋಡಿ. ಬುಗುರಿಯ ಕೆಳಗೆ, ಎಂಟಾಗಿ ಮಡಿಸಿದ ಒಂದು ಚೀಟಿ ಇರುತ್ತದೆ. ಅದು ಪೋಷಕರ ಸಭೆಯ ಕರೆ, ಕೊಟ್ಟು ಒಂದು ವಾರವಾಗಿರುತ್ತದೆ. ಸಭೆ ಶನಿವಾರ. ದಯವಿಟ್ಟು ಬನ್ನಿ, ಬರುವಾಗ ಆಧಾರಿನ ಜೆರಾಕ್ಸ್ ಇರಲಿ, ಮಗುವಿನ ಹೆಸರಿನ ಸ್ಪೆಲಿಂಗ್ ಯಾವುದು ಸರಿ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಬನ್ನಿ. ಮೊಬೈಲ್ ನೋಡದೆ ಹತ್ತು ನಿಮಿಷ ಕೂತರೆ ಮಿಸ್‌ಗೆ ಹೇಳುವುದು ಬಹಳ ಇದೆ. ಮತ್ತೆ, ಸಭೆ ನಡೆಯುವಾಗ ಹಿಂದೆ ಕೂತು ಮಾತಾಡಬೇಡಿ. ಲೀಡರ್ ಅಲ್ಲೇ ಇರುತ್ತಾನೆ, ಅವನ ಕೈಯಲ್ಲಿ ಚಾಕ್‌ಪೀಸ್ ಇರುತ್ತದೆ.